ಶಸ್ತ್ರಚಿಕಿತ್ಸೆಯೊಂದಿಗೆ ದಾಸೋಹ ಮುಗಿಯದಿರಲಿ

ನಮ್ಮ ಮಠಗಳ ಜಾತ್ರೆ, ಪುಣ್ಯಸ್ಮರಣೆಗಳಲ್ಲಿ ಉಚಿತ ನೇತ್ರ ಶಿಬಿರ ಈಗ ವಾಡಿಕೆಯಾಗಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಪೊರೆ ತೆಗೆದ ಕಾಲದಿಂದಲೂ ನಮ್ಮ ಜನರಿಗೆ ಶಿಬಿರ ಹೊಸದಲ್ಲ. ಆದರೆ ಎಷ್ಟು ಜನರಿಗೆ ಶಸ್ತ್ರಚಿಕಿತ್ಸೆಯಾಯಿತು ಎಂಬ ಲೆಕ್ಕವಷ್ಟೇ ವೇದಿಕೆಯ ಮೇಲೆ ಕೇಳಿಬರುತ್ತದೆ. ಮೂರು ತಿಂಗಳ ನಂತರ ಅವರಿಗೆ ಕಣ್ಣು ಕಾಣುತ್ತಿದೆಯೇ ಎಂದು ಕೇಳುವವರಿಲ್ಲ.

ನನ್ನ ಅಕ್ಕನಿಗೆ 74 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಇಂಥದೇ ಶಿಬಿರದಲ್ಲಿ ಪೊರೆ ತೆಗೆಸಿಕೊಂಡಳು. ತಿಂಗಳಾದ ಮೇಲೆ ನಗರಕ್ಕೆ ಬಂದು ತೋರಿಸಿ ಎಂದಿದ್ದರು. ಎರಡು ಬಸ್ಸು ಬದಲಿಸಬೇಕು, ಮೊಣಕಾಲು ನೋವು, ಮಗನಿಗೆ ಸುಗ್ಗಿಯ ಕೆಲಸ. ಹೋಗಲಿಲ್ಲ. ದೃಷ್ಟಿ ಮತ್ತೆ ಮಂದವಾದಾಗ ‘ವಯಸ್ಸಾಯ್ತಲ್ಲ ತಮ್ಮಾ’ ಎಂದು ಸುಮ್ಮನಾದಳು. ನಾನು ಕರೆದೊಯ್ಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸಿತ್ತು.

ಪೊರೆ ದಟ್ಟವಾಗಿದ್ದಾಗ ಅದರ ಹಿಂದಿನ ಅಕ್ಷಿಪಟಲ ವೈದ್ಯರಿಗೂ ಸರಿಯಾಗಿ ಕಾಣುವುದಿಲ್ಲ. ಪೊರೆ ತೆಗೆದು ಕೃತಕ ಮಸೂರ ಕೂರಿಸಿದ ಮೇಲೆಯೇ ಅದು ಸ್ಪಷ್ಟವಾಗುವುದು. ಅಂದರೆ ಕಣ್ಣಿನ ಒಳಗನ್ನು ನೋಡಬೇಕಾದ ಸಮಯದಲ್ಲೇ ನಾವು ರೋಗಿಯನ್ನು ಕೈಬಿಡುತ್ತಿದ್ದೇವೆ.

ಈಗ ಕೈಯಲ್ಲಿ ಹಿಡಿದು ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾಗಳಿವೆ. ಬೆಂಗಳೂರಿನ ರೆಮಿಡಿಯೋ ಕಂಪನಿ ಮೊಬೈಲ್ ಫೋನ್ ಜೋಡಿಸಿದ ಇಂಥ ಉಪಕರಣ ತಯಾರಿಸುತ್ತದೆ. ತರಬೇತಾದ ಸಹಾಯಕರು ಹಾಸಿಗೆ ಹಿಡಿದ ಅಜ್ಜಿಯ ಬಳಿಗೇ ಹೋಗಿ ಚಿತ್ರ ತೆಗೆದು, ನಗರದ ತಜ್ಞರಿಗೆ ಕಳುಹಿಸಬಹುದು. ಇದು ವೈದ್ಯರಿಗೆ ಬದಲಿಯಲ್ಲ. ಯಾರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಗುರುತಿಸುವ ಸಾಧನ. ಕಣ್ಣು ನೋವು, ಕೆಂಪು, ದಿಢೀರನೆ ದೃಷ್ಟಿ ಮಂಕಾಗುವುದು ಕಂಡರಂತೂ ಚಿತ್ರಕ್ಕಾಗಿ ಕಾಯದೆ ಅಂದೇ ವೈದ್ಯರ ಬಳಿ ಹೋಗಬೇಕು.

ನೀರಾವರಿ ಇಲಾಖೆಯಲ್ಲಿ ದುಡಿದ ನನಗೆ ಗೊತ್ತು: ಕೆರೆಯ ಏರಿ ಕಟ್ಟಿ ಬಿಲ್ ಬರೆದರೆ ಕೆಲಸ ಮುಗಿಯಲಿಲ್ಲ. ಮೊದಲ ಮಳೆಗಾಲದಲ್ಲಿ ಏರಿಯುದ್ದಕ್ಕೂ ನಡೆದು, ಎಲ್ಲಿ ನೀರು ಜಿನುಗುತ್ತಿದೆ ಎಂದು ನೋಡಬೇಕು.

ಪೂಜ್ಯರಲ್ಲಿ, ಶಿಬಿರದ ಸಂಘಟಕರಲ್ಲಿ ನನ್ನ ಬಿನ್ನಹ ಇಷ್ಟೇ. ಆಸ್ಪತ್ರೆಯೊಂದಿಗೆ ಮಾತುಕತೆ ಮಾಡುವಾಗಲೇ, ತಿಂಗಳ ನಂತರ ಕ್ಯಾಮೆರಾದೊಂದಿಗೆ ಊರಿಗೆ ಬರಬೇಕೆಂಬ ಷರತ್ತು ಹಾಕಿ. ಸಕ್ಕರೆ ಕಾಯಿಲೆಯವರ ಪಟ್ಟಿಯನ್ನು ಮಠದಲ್ಲೇ ಇಡಿ. ಅವರನ್ನು ಕರೆತರುವ ಹೊಣೆಯನ್ನು ಊರಿನ ಯುವಕರಿಗೆ ವಹಿಸಿ. ಖರ್ಚಿನ ಮಾತು ಬರುತ್ತದೆ. ಶಾಲು, ಹಾರ, ಫ್ಲೆಕ್ಸುಗಳ ವೆಚ್ಚವನ್ನು ಒಂದು ವರ್ಷ ಇದಕ್ಕೆ ಕೊಟ್ಟು ನೋಡೋಣ. ಮುಂದಿನ ಜಾತ್ರೆಯಲ್ಲಿ, ಎಷ್ಟು ಜನರ ದೃಷ್ಟಿ ಉಳಿಯಿತು ಎಂಬ ಲೆಕ್ಕವನ್ನೂ ವೇದಿಕೆಯಿಂದ ಓದಿ ಹೇಳುವಂತಾಗಲಿ.