ಆ ಅರಸನ ವೇಗವೆಷ್ಟು?

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಭಾಲ್ಕಿಯಲ್ಲಿ ನಮ್ಮ ಪ್ರವಚನವಿತ್ತು. ಕಾಲದ ಗತಿಯ ಪ್ರಸ್ತಾಪ ಬಂದಾಗ ಪುರಾಣದ ಕಕುದ್ಮಿ ಅರಸನ ಕಥೆಯನ್ನು ಹೇಳಿದೆವು. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ಆತ, ಅಲ್ಲಿ ನಡೆದಿದ್ದ ಗಾಯನ ಮುಗಿಯುವವರೆಗೆ ಕಾಯುತ್ತಾನೆ; ಅಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿರುತ್ತವೆ. ನಾವು ಅಲ್ಲಿಗೇ ನಿಲ್ಲಬೇಕಿತ್ತು. ಸಭೆ ತಲೆದೂಗಿದ್ದನ್ನು ಕಂಡು ನಾಲಿಗೆ ಮುಂದೋಡಿತು. "ಐನ್‌ಸ್ಟೈನ್ 1905ರಲ್ಲಿ ಹೇಳಿದ್ದನ್ನು ನಮ್ಮ ಹಿರಿಯರು ಅಂದೇ ಅರಿತಿದ್ದರು" ಎಂದುಬಿಟ್ಟೆವು.

ಪ್ರಸಾದದ ವೇಳೆಗೆ ಔರಾದ್ ಕಡೆಯ ಒಬ್ಬ ಕಾಲೇಜು ಹುಡುಗಿ ತಾಯಿಯೊಡನೆ ಬಂದು, ನಮಸ್ಕರಿಸಿ ಕೇಳಿದಳು: "ಆ ರಾಜ ಎಷ್ಟು ವೇಗದಾಗ ಹೋಗಿದ್ದರಿ, ಗುರುಗಳೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅಳತೆಯಿಲ್ಲದ ಮಾತನ್ನು ಅಳೆದು ನೋಡಿದ ಮಾತಿನ ಸಾಲಿನಲ್ಲಿ ಕೂರಿಸಿದ್ದೆವು. ಬೀದರಿಗೆ ಮರಳಿದ ಮೇಲೆ ಒಬ್ಬ ಭೌತಶಾಸ್ತ್ರದ ಅಧ್ಯಾಪಕರ ಮುಂದೆ ಕುಳಿತು, ಅರವತ್ತು ದಾಟಿದ ವಯಸ್ಸಿನಲ್ಲಿ ವಿದ್ಯಾರ್ಥಿಯಾದೆವು. ಅಂದು ಕಲಿತದ್ದನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ಬೀದರಿನ ಆಗಸದಲ್ಲಿ ವಾಯುಪಡೆಯ ತರಬೇತಿ ವಿಮಾನಗಳು ಹಾರುವುದನ್ನು ನಾವೆಲ್ಲ ಕಂಡಿದ್ದೇವೆ. ಚಲಿಸುವವನ ಗಡಿಯಾರ ನಿಂತವನ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ಆದರೆ ವಿಮಾನದ ವೇಗಕ್ಕೆ ಆ ವ್ಯತ್ಯಾಸ ಅತ್ಯಲ್ಪ. 1971ರಲ್ಲಿ ಹಾಫೆಲ್ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿಯನ್ನು ಸುತ್ತಿಸಿದರು. ಪೂರ್ವಾಭಿಮುಖವಾಗಿ ಹೋದ ಗಡಿಯಾರಗಳು ಹಿಂದೆ ಬಿದ್ದದ್ದು, ಒಂದು ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 59 ಪಾಲಿನಷ್ಟು. ವೇಗ ಮತ್ತು ಎತ್ತರ ಎರಡನ್ನೂ ಗಣಿಸಿ ಮೊದಲೇ ಹಾಕಿದ ಲೆಕ್ಕಕ್ಕೆ ಅದು ಹೊಂದಿಕೊಂಡಿತು.

ಇನ್ನೂ ದೊಡ್ಡ ಸಾಕ್ಷಿ ನಮ್ಮ ನಾಡಿನ ನೆಲದಡಿಗೂ ಇಳಿದಿದೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಸುಮಾರು 15 ಕಿ.ಮೀ. ಎತ್ತರದಲ್ಲಿ ಮ್ಯುವಾನ್ ಎಂಬ ಕಣಗಳು ಹುಟ್ಟುತ್ತವೆ. ನಿಂತಲ್ಲಿ ಅವುಗಳ ಸರಾಸರಿ ಆಯುಸ್ಸು ಸೆಕೆಂಡಿನ 10 ಲಕ್ಷ ಪಾಲುಗಳಲ್ಲಿ 2.2 ಪಾಲು ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಕ್ರಮಿಸುವ ದೂರ ಸುಮಾರು 660 ಮೀಟರ್. ಆದರೂ ಅವು ನೆಲವನ್ನು ಮುಟ್ಟುತ್ತವೆ. ಅರ್ಧ ಮೈಲಿಗೂ ಸಾಲದ ಬುತ್ತಿ ಕಟ್ಟಿಕೊಂಡು ಬೀದರಿನಿಂದ ಭಾಲ್ಕಿಯತ್ತ ಹೊರಟವನು 15 ಕಿ.ಮೀ. ನಡೆದಂತೆ! ವೇಗದಿಂದಾಗಿ ಅವುಗಳ ಕಾಲ ನಮ್ಮ ಗಡಿಯಾರದ ಎಣಿಕೆಯಲ್ಲಿ ಹಿಗ್ಗುತ್ತದೆ, ಅದೇ ಕಾರಣ. 1941ರಲ್ಲಿ ರೋಸಿ ಮತ್ತು ಹಾಲ್ ಅಮೆರಿಕದ ಬೆಟ್ಟದ ಮೇಲೂ ಕೆಳಗೂ ಈ ಕಣಗಳನ್ನು ಎಣಿಸಿ ಇದನ್ನು ತೋರಿಸಿದರು. ಕೋಲಾರದ ಚಿನ್ನದ ಗಣಿಯಲ್ಲಿ ಬಿ. ವಿ. ಶ್ರೀಕಂಠನ್ ಮೊದಲಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದ, ಬಂಡೆಯ ಆಳಕ್ಕಿಳಿದ ಅತಿ ಬಲಿಷ್ಠ ಮ್ಯುವಾನ್‌ಗಳನ್ನು ಎಣಿಸಿದರು. 2001ರಲ್ಲಿ ಗಣಿ ಮುಚ್ಚಿತು. ಆ ಎಣಿಕೆ ಉಳಿದಿದೆ.

ಹಾಗಾದರೆ ಮನುಷ್ಯನು ನಕ್ಷತ್ರಗಳಿಗೆ ಹೋಗಬಲ್ಲನೆ? ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರದಲ್ಲಿದೆ. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿ.ಮೀ. ಧಾವಿಸುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 75,000 ವರ್ಷ ಬೇಕು. ಬೆಳಕಿನ ವೇಗದ ಶೇಕಡಾ 99ರಲ್ಲಿ ಹೋಗಿ ಬಂದರೆ ಭೂಮಿಯಲ್ಲಿ ಸುಮಾರು ಎಂಟೂವರೆ ವರ್ಷ ಕಳೆದಿರುತ್ತದೆ. ಪ್ರಯಾಣಿಕನಿಗೆ ಹದಿನಾಲ್ಕೂವರೆ ತಿಂಗಳು ಮಾತ್ರ. ಆದರೆ ಒಂದು ಕಿಲೋಗ್ರಾಂ ತೂಕವನ್ನು ಆ ವೇಗಕ್ಕೇರಿಸಲು ಸುಮಾರು 15,000 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ಆದುದರಿಂದ ಸದ್ಯಕ್ಕೆ ಇದು ಕಾಗದದ ಮೇಲಿನ ಪ್ರಯಾಣವೇ ಸರಿ.

ಮರುವರ್ಷ ಔರಾದಿನಲ್ಲಿ ಪ್ರವಚನಕ್ಕೆ ಕುಳಿತಾಗ ಮೊದಲ ದಿನವೇ ಹೇಳಿದೆವು: "ಹೋದ ವರ್ಷ ಭಾಲ್ಕಿಯಲ್ಲಿ ನಾವು ಆಡಿದ ಒಂದು ಮಾತು ತಪ್ಪು. ಪುರಾಣದ ಕವಿಗೆ ಕಲ್ಪನೆಯಿತ್ತು, ಲೆಕ್ಕವಿರಲಿಲ್ಲ." ಹಿರಿಯರಲ್ಲಿ ಕೆಲವರ ಮುಖ ಬಾಡಿತು. ಹಿಂದಿನ ಸಾಲಿನಲ್ಲಿದ್ದ ಆ ಹುಡುಗಿ ತಲೆ ತಗ್ಗಿಸಿ ನಕ್ಕಳು. ಆಗ ಅವಳ ತಾಯಿ ಎದ್ದು, "ಹೊಳ್ಳಿ ಬಂದಾಗ ನಮ್ಮವರೇ ಇರಲಿಲ್ಲಂದ್ರ, ಅಷ್ಟು ದೂರ ಯಾಕ ಹೋಗ್ಬೇಕ್ರಿ ಗುರುಗಳೆ?" ಎಂದು ಕೇಳಿದರು.

ಅಂದು ನಮಗೆ ಆ ಕಥೆಯ ನಿಜವಾದ ಬೆಲೆ ತಿಳಿಯಿತು. ಕಕುದ್ಮಿ ಮರಳಿದಾಗ ಅವನ ಬಂಧುಗಳಿಲ್ಲ, ಊರು ಅವನದಲ್ಲ. ಪುರಾಣ ಹೇಳಹೊರಟದ್ದು ವೇಗದ ಗಣಿತವನ್ನಲ್ಲ, ದೂರ ಹೋದವನು ತೆರುವ ಬೆಲೆಯನ್ನು. ಆ ಮಾತಿಗೆ ವಿಜ್ಞಾನದ ಮುದ್ರೆ ಬೇಕಿಲ್ಲ. ನಮ್ಮ ಮಕ್ಕಳಿಗೆ ಕಥೆಯನ್ನು ಕಥೆಯೆಂದು ಹೇಳೋಣ, ಲೆಕ್ಕವನ್ನು ಲೆಕ್ಕವೆಂದು ಕಲಿಸೋಣ. ಅವರು ಪ್ರಶ್ನೆ ಕೇಳಿದಾಗ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನೋಣ. ಹಾಗೆನ್ನುವುದರಿಂದ ಗುರುವಿನ ಗದ್ದುಗೆಗೆ ಕುಂದೇನೂ ಬರುವುದಿಲ್ಲ.