ಮೋರಿಯ ಸಾಕ್ಷ್ಯ

ನಾಲತವಾಡದಿಂದ ಬೆಂಗಳೂರಿನ ಮಗನ ಮನೆಗೆ ಬಂದಿದ್ದ ನಮ್ಮ ವೃದ್ಧ ಬಂಧುವೊಬ್ಬರು ಊಟವಾದೊಡನೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನುಂಗಿ ನೀರು ಕುಡಿದರು. "ಈ ಗುಳಿಗೆಯ ಲೆಕ್ಕವನ್ನು ನಾಳೆ ಮೋರಿ ಹೇಳಬಲ್ಲದು" ಎಂದೆ. ಅವರು ನಕ್ಕುಬಿಟ್ಟರು. ಓದುಗರೂ ನಗಬಹುದು, ಆದರೆ ಮಾತು ಸುಳ್ಳಲ್ಲ.

ಆ ಗುಳಿಗೆ ಮೆಟ್‌ಫಾರ್ಮಿನ್. ದೇಹವು ಅದನ್ನು ಒಡೆದು ಮಾರ್ಪಡಿಸುವುದಿಲ್ಲ. ತನ್ನ ಕೆಲಸ ಮುಗಿಸಿ, ಬಂದ ರೂಪದಲ್ಲಿಯೇ ಅದು ಹೊರಟುಹೋಗುತ್ತದೆ. ತಂಬಾಕಿನ ನಿಕೋಟಿನ್ ಹಾಗಲ್ಲ. ಒಡಲಿನಲ್ಲಿ ಬಹುಮಟ್ಟಿಗೆ ಕೊಟಿನಿನ್ ಆಗಿ ಮಾರ್ಪಟ್ಟು ಮೂತ್ರಕ್ಕಿಳಿಯುತ್ತದೆ. ಸೇದಿದರೂ ಜಗಿದರೂ ಗುರುತು ಒಂದೇ. ಬಡಾವಣೆಯ ಕೊಳಚೆ ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಹಗಲಿರುಳೂ ಆಗಾಗ ಸ್ವಲ್ಪಸ್ವಲ್ಪ ನೀರು ಹಿಡಿದು, ಬೆರೆಸಿ, ಸೋಸಿ, ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರಕ್ಕೆ ಒಡ್ಡಿದರೆ, ಲೀಟರಿಗೆ ಎಷ್ಟು ಔಷಧವಿದೆಯೆಂದು ತಿಳಿಯುತ್ತದೆ. ಅಂದು ಹರಿದ ನೀರಿನ ಮೊತ್ತದಿಂದ ಅದನ್ನು ಗುಣಿಸಿದರೆ ಬಡಾವಣೆಯ ದಿನದ ಲೆಕ್ಕ ದೊರೆಯಿತು.

ಬೆಂಗಳೂರಿಗೆ ಮೋರಿಯನ್ನು ಓದುವ ವಿದ್ಯೆ ಹೊಸದೇನಲ್ಲ. ಕೋವಿಡ್ ಹಾವಳಿಯಲ್ಲಿ, 2021ರಿಂದ ಮೊದಲ್ಗೊಂಡು, ಇಲ್ಲಿನ ವಿಜ್ಞಾನಿಗಳು ನಗರದ 28 ಶುದ್ಧೀಕರಣ ಘಟಕಗಳ ಕೊಳಚೆಯಲ್ಲಿ ವೈರಾಣುವಿನ ಜಾಡು ಹಿಡಿದರು. ಆಸ್ಪತ್ರೆಯ ಲೆಕ್ಕದಲ್ಲಿ ಪರೀಕ್ಷೆಗೆ ಬಂದವರು ಮಾತ್ರ ಇರುತ್ತಾರೆ. ಮೋರಿಯ ಲೆಕ್ಕದಲ್ಲಿ ಬಾರದವರೂ ಇರುತ್ತಾರೆ.

ವೈರಾಣುವಿನ ಹಾವಳಿ ವಾರಗಳಲ್ಲಿ ಏರಿಳಿದರೆ, ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವಂಥದು. ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕ ಮಂದಿಗೆ ಅದಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ತಿಳಿಸಿತು. ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಆ ಕಾರ್ಯಕ್ಕೆ 2008ರಿಂದ 2020ರವರೆಗೆ ಕಾಲ ಹಿಡಿಯಿತು. ಮೋರಿಯೋ ದಿನಕ್ಕೊಮ್ಮೆ ವರದಿ ಕೊಡಬಲ್ಲದು!

ಇಷ್ಟಕ್ಕೇ ಹಿಗ್ಗುವುದು ಬೇಡ. ಕೊಳಚೆಯಲ್ಲಿ ಒಂದು ಕಿಲೋಗ್ರಾಂ ಮೆಟ್‌ಫಾರ್ಮಿನ್ ಸಿಕ್ಕಿತೆನ್ನೋಣ. ಅದು 500 ಮಿಲಿಗ್ರಾಮಿನ ಗುಳಿಗೆಯನ್ನು ದಿನಕ್ಕೊಂದರಂತೆ ನುಂಗಿದ ಎರಡು ಸಾವಿರ ಜನರದೋ, ನಾಲ್ಕರಂತೆ ನುಂಗಿದ ಐನೂರು ಜನರದೋ ಮೋರಿ ಹೇಳದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಮೋರಿ ಎಣಿಸುವುದು ಔಷಧವನ್ನೇ ಹೊರತು ರೋಗವನ್ನಲ್ಲ. ರೋಗವಿದ್ದೂ ಅರಿಯದವನು, ಅರಿತೂ ಗುಳಿಗೆ ಕೊಳ್ಳಲಾರದವನು ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಬಡವರ ಕೇರಿಯ ಕೊಳಚೆಯಲ್ಲಿ ಔಷಧ ಕಡಿಮೆಯೆಂದು, ಅಲ್ಲಿ ರೋಗವೂ ಕಡಿಮೆಯೆಂದು ಬಗೆದ ಅಧಿಕಾರಿಯೊಬ್ಬನು ಚಿಕಿತ್ಸಾಲಯವನ್ನು ಬೇರೆಡೆಗೆ ಸಾಗಿಸಿದರೆ? ಅದೇ ಕೇರಿಯಲ್ಲಿ ನಾಲ್ಕು ಮನೆ ಹೊಕ್ಕು ರಕ್ತ ಪರೀಕ್ಷಿಸಿ, ಎರಡು ಲೆಕ್ಕಗಳನ್ನೂ ಪಕ್ಕಪಕ್ಕ ಇಟ್ಟಾಗಲೇ ಚಿಕಿತ್ಸೆಯಿಲ್ಲದೆ ಉಳಿದವರೆಷ್ಟು ಎಂಬುದು ಹೊರಬೀಳುವುದು. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಉಪಯೋಗ ಇದೇ.

ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಬಂಧುಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊರಾಗ ನಮ್ಮ ಮನಿ ನೀರು ಹಿತ್ತಲ ಗುಂಡಿಗೆ ಹೋಗತದ. ಅದನ್ನ ಯಾರು ಓದತಾರ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಮಗನ ಫೋನು ತೆಗೆದುಕೊಂಡು, ಈವರೆಗೆ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿಕೊಂಡಿರದ ಹೆಂಡತಿಯನ್ನು ಊರಿನಲ್ಲಿ ಕರೆಯತೊಡಗಿದರು.