ಅತ್ತ ಸೂಟೂ ಅಲ್ಲ, ಇತ್ತ ಲುಂಗಿಯೂ ಅಲ್ಲ

ಮಗನು ನೌಕರಿ ಮಾಡುವ ಸಂಸ್ಥೆಯಿಂದಲೋ, ಬೀಗರ ಮನೆಯ ಆರತಕ್ಷತೆಗೋ ಬಂದ ಕರೆಯೋಲೆಯ ಕೆಳತುದಿಯಲ್ಲಿ ‘ಸ್ಮಾರ್ಟ್ ಕ್ಯಾಶುವಲ್’ ಎಂಬ ಎರಡು ಪದಗಳು ಅಚ್ಚಾಗಿರುತ್ತವೆ. ಮನೆಯ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಓದುತ್ತಾರೆ, ಅರ್ಥ ಹೊಳೆಯುವುದಿಲ್ಲ. ಸೂಟು-ಟೈಗಳ ಬಿಗುವೂ ಬೇಡ, ಮನೆಯೊಳಗಿನ ಸಡಿಲವೂ ಬೇಡ, ನಡುವಣ ಅಚ್ಚುಕಟ್ಟು ಸಾಕು ಎಂಬುದೇ ಅದರ ತಾತ್ಪರ್ಯ. ಇದು ತಿಳಿಯದೆ ಹೊಸ ಸೂಟಿಗೆಂದು ಕೈಗಡ ತಂದ ಮನೆಗಳೂ ಉಂಟು. ಆದುದರಿಂದಲೇ ಈ ತಿಂಗಳು ಉಡುಪಿನ ಮಾತು.

ಕಾಲರುಳ್ಳ ಅಂಗಿಯಿದ್ದರೆ ಅರ್ಧ ಕೆಲಸ ಮುಗಿಯಿತು. ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ತ್ 1920ರ ದಶಕದಲ್ಲಿ ಉದ್ದ ತೋಳಿನ ಅಂಗಿಯನ್ನು ಬಿಟ್ಟು, ಹೆಣಿಗೆಯ ಹತ್ತಿಬಟ್ಟೆಯ ಗಿಡ್ಡ ತೋಳಿನ ಅಂಗಿ ತೊಟ್ಟು ಆಡಿದನು. ಇಂದಿನ ‘ಪೋಲೋ’ ಅಂಗಿ ಅದರ ವಂಶದ್ದೇ. ಹಗಲಿಗೆ ಅದು ಒಪ್ಪುತ್ತದೆ. ಸಂಜೆಯ ಸಮಾರಂಭಕ್ಕೆ ಉದ್ದ ತೋಳಿನದೇ ಲೇಸು. ಇನ್ನು ಬ್ಲೇಜರ್. ಸೂಟಿನ ಕೋಟು ತನ್ನ ಪ್ಯಾಂಟಿನ ಬಟ್ಟೆಯಲ್ಲಿಯೇ ಹೊಲಿದದ್ದು. ಬ್ಲೇಜರ್ ಬೇರೆ ಬಣ್ಣದ ಪ್ಯಾಂಟಿನೊಡನೆ ತೊಡಲೆಂದೇ ಹುಟ್ಟಿದ್ದು. ಸೂಟಿನ ಕೋಟನ್ನು ಒಂಟಿಯಾಗಿ ಬಳಸಿ ಒಗೆಸುತ್ತ ಹೋದರೆ ಅದರ ಬಣ್ಣ ಮಾಸಿ, ಜೋಡಿ ಕೆಡುತ್ತದೆ. ಕಡುನೀಲಿಯ ಒಂದು ಬ್ಲೇಜರ್, ಮಣ್ಣಿನ ಬಣ್ಣದ ಹತ್ತಿಯ ಪ್ಯಾಂಟು ಇದ್ದರೆ ಹಲವು ವರ್ಷ ನಿಶ್ಚಿಂತೆ.

ಹೆಚ್ಚಿನವರು ಎಡವುವುದು ಪಾದರಕ್ಷೆಯಲ್ಲಿ. ಲೇಸು ಕಟ್ಟುವ ಎರಡು ಪಟ್ಟಿಗಳು ಮುಂಭಾಗದ ಚರ್ಮದ ಅಡಿಯಲ್ಲಿ ಸೇರಿ ಹೊಲಿದಿದ್ದರೆ ಅದು ಆಕ್ಸ್‌ಫರ್ಡ್. ಮೇಲೆ ಕೂತು ರೆಕ್ಕೆಯಂತೆ ತೆರೆದುಕೊಂಡರೆ ಡರ್ಬಿ. ಮೊದಲನೆಯದು ಸೂಟಿನ ಸಂಗಾತಿ. ಎರಡನೆಯದು ಸಡಿಲಿಸಲು ಬರುವುದರಿಂದ, ಬರಿಗಾಲಿನಲ್ಲಿ ನಡೆದು ಅಗಲವಾದ ನಮ್ಮ ಪಾದಗಳಿಗೆ ಹಿತ. ಲೇಸಿಲ್ಲದ ಲೋಫರ್ ನಾರ್ವೆಯ ಹಳ್ಳಿಗರ ಜೋಡಿನಿಂದ ಬಂದದ್ದು. 1936ರಲ್ಲಿ ಅಮೆರಿಕದ ಬಾಸ್ ಸಂಸ್ಥೆ ಅದನ್ನು ಮಾರಾಟಕ್ಕೆ ತಂದಿತು. ಹೊಸ್ತಿಲಲ್ಲಿ ಕಾಲ್ಮೆಟ್ಟು ಕಳಚುವ ನಮ್ಮಂಥವರಿಗೆ ಇದಕ್ಕಿಂತ ಅನುಕೂಲವಾದುದನ್ನು ನಾನು ಕಾಣೆ. ಬೆಲ್ಟಿನ ಬಣ್ಣ ಜೋಡಿನ ಬಣ್ಣಕ್ಕೆ ಹೊಂದಲಿ. ಓಟಕ್ಕೆ ಬಳಸುವ ಬೂಟು ಓಟಕ್ಕೇ ಇರಲಿ.

ಕೊಲ್ಹಾಪುರಿ ಚಪ್ಪಲಿ ಸಲ್ಲದೇ ಎಂದು ಕೇಳುವವರಿದ್ದಾರೆ. ಜುಬ್ಬ ಮತ್ತು ನೆಹರೂ ಜಾಕೀಟಿನೊಡನೆ ಧಾರಾಳವಾಗಿ ಸಲ್ಲುತ್ತದೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಅಥಣಿ, ನಿಪ್ಪಾಣಿಗಳ ಕುಶಲಿಗರ ಕೈಕೆಲಸವಿದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಮೆರೆಯಿಸಿ, ಆಕ್ಷೇಪ ಬಂದ ಮೇಲೆ ಭಾರತದ ಪ್ರೇರಣೆಯನ್ನು ಒಪ್ಪಿಕೊಂಡಿತು. ಮಳೆಗಾಲದಲ್ಲಿ ಮಾತ್ರ ಇದನ್ನು ಹೊರಗೆ ತೆಗೆಯಬಾರದು. ನೆನೆದ ಚರ್ಮ ಆಕಾರ ಕೆಡುತ್ತದೆ.

ಇನ್ನು ಧೋತರದ ಸಂಗತಿ. 2024ರ ಜುಲೈನಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟಿದ್ದಾರೆಂಬ ಕಾರಣಕ್ಕೆ ಬೆಂಗಳೂರಿನ ಮಾಲೊಂದು ಬಾಗಿಲಲ್ಲಿಯೇ ತಡೆಯಿತು. ವಿಧಾನಸಭೆಯಲ್ಲಿಯೂ ಪ್ರಸ್ತಾಪವಾಗಿ, ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸುವುದಾಗಿ ಪ್ರಕಟಿಸಿತು. ಕರೆಯೋಲೆಯ ಆ ಎರಡು ಪದಗಳನ್ನು ಮಗನು ತನ್ನ ಮಟ್ಟಿಗೆ ಪಾಲಿಸಲಿ. ಅದನ್ನು ತೋರಿಸಿ ತಂದೆಯ ಧೋತರ ಬಿಡಿಸಿ ಪ್ಯಾಂಟು ತೊಡಿಸಹೊರಡುವುದು ಬೇಡ. ಶುಭ್ರವಾಗಿ ಒಗೆದು ಇಸ್ತ್ರಿ ಮಾಡಿಸಿಕೊಟ್ಟರೆ ಸಾಕು.